ಅರ್ಥವಾಗದ ಸಿನಿಮಾ ಮತ್ತು ನಮ್ಮ ಕಾಕು

ಇವತ್ತು ಬೆಳಿಗ್ಗೆ ಸೇಡಂ ರಸ್ತೆಯಲ್ಲಿ ಒಂದು ಬಂಡಿಯ ತುಂಬ ಕೆಂಪು ಬಾಳೆಹಣ್ಣು ಕಂಡವು. ಮಾಗಿದ ಆ ವಾಸನೆಗೆ ನನ್ನ ಕಾಲು ತಾನಾಗಿ ನಿಂತಿತು. ಕಮಲಾಪುರದ ಹಣ್ಣೆಂದು ಯಾರೂ ಹೇಳಬೇಕಾಗಿರಲಿಲ್ಲ. ಕಮಲಾಪುರ ಎಂದರೆ ನನಗೆ ಕಾಕನ, ಅಂದರೆ ಚಿಕ್ಕಪ್ಪನ ಹೆಂಡತಿ, ನಮ್ಮ ಸುವರ್ಣಾ ಕಾಕು. ಕಾಕು ಎಂದರೆ, ನಗಬೇಡಿ, ಒಂದು ತಲೆಬುಡವಿಲ್ಲದ ಸಿನಿಮಾ.

ಹಿಂದೆ ನಾವು ಕೆಲವು ಗೆಳೆಯರು ನಮ್ಮೂರಿನ ಕೋಟೆಯ ಹತ್ತಿರದ ಒಂದು ಕೋಣೆಯಲ್ಲಿ ಸೇರಿ ಯಾರಿಗೂ ಅರ್ಥವಾಗದ ಸಿನಿಮಾಗಳನ್ನು ನೋಡುತ್ತಿದ್ದೆವು. ಅರ್ಥವಾದರೆ ಅದು ಒಳ್ಳೆಯದಲ್ಲ ಎಂಬ ನಂಬಿಕೆ. ಒಬ್ಬರು ಮೊದಲೇ ನೋಡಿಕೊಂಡು ಬಂದು ಉಳಿದವರಿಗೆ ಬಿಡಿಸಿ ಹೇಳಬೇಕು. ಆ ಸಲ ನನ್ನ ಪಾಳಿ. ಲ್ಯಾಪ್‌ಟಾಪ್ ಹಿಡಿದುಕೊಂಡು ಕಮಲಾಪುರಕ್ಕೆ ಹೋದೆ. ಕಾಕುವಿನ ಕೈಯ ಎಣ್ಣೆಗಾಯಿ ತಿಂದರೆ ಬುದ್ಧಿ ಚುರುಕಾದೀತು ಎಂಬ ಆಸೆ.

ಸಿನಿಮಾದಲ್ಲಿ ಹುಡುಗಿಯೊಬ್ಬಳು ಹಾಡುಗಾರ್ತಿಯಾಗಬೇಕೆಂದು ಪಟ್ಟಣಕ್ಕೆ ಬರುತ್ತಾಳೆ. ಒಂದು ದಿನ ನಿದ್ದೆಯಿಂದ ಎದ್ದರೆ ಎಲ್ಲರೂ ಅವಳನ್ನು ಬೇರೆ ಹೆಸರಿನಿಂದ ಕರೆಯುತ್ತಾರೆ, ಹಾಡೂ ಮರೆತುಹೋಗಿದೆ. ಕೊನೆಗೆ ತನ್ನದೇ ಮನೆಯ ಬಾಗಿಲು ಬಡಿಯುತ್ತಾಳೆ. ಅವಳದೇ ಮುಖದ ಹೆಂಗಸೊಬ್ಬಳು ಬಾಗಿಲು ತೆರೆದು, ಆ ಹೆಸರಿನವರು ಇಲ್ಲಿಲ್ಲ ಎನ್ನುತ್ತಾಳೆ. ನಾನು ಅಸ್ಮಿತೆ, ಸುಪ್ತಪ್ರಜ್ಞೆ ಎಂದೆಲ್ಲ ಗೀಚಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಬದನೆಕಾಯಿ ಹೆಚ್ಚುತ್ತ ನೋಡುತ್ತಿದ್ದ ಕಾಕು ಬಾಯಿ ತೆರೆದಳು.

"ಇದರಾಗ ಏನ್ ತಿಳಿವಲ್ತು ನಿನಗ? ಆಕಿದು ಮದಿವಿ ಆಗ್ಯಾದ."

"ಮದಿವಿ ಎಲ್ಲಿ ತೋರಿಸ್ಯಾರ ಕಾಕು?"

"ತೋರಿಸಬೇಕೇನು? ಹೆಸರು ಬದ್ಲಾಗ್ಯಾದ, ಹಾಡು ನಿಂತಾದ."

ನಮ್ಮ ಕಡೆ ಮದುವೆಯ ದಿನ ಸೊಸೆಗೆ ಬೇರೆ ಹೆಸರಿಡುವುದು ರೂಢಿ. ಕಾಕುವಿನ ತವರಿನ ಹೆಸರು ನೀಲಮ್ಮ. ಅವಳ ಅತ್ತೆ, ಅಂದರೆ ನಮ್ಮ ಅಜ್ಜಿಯೂ ನೀಲಮ್ಮ. ಸೊಸೆಯನ್ನು ಬೈದದ್ದು ಅತ್ತೆಗೆ ತಾಗಿದರೆ ಗತಿಯೇನು? ತಟ್ಟೆಯ ಅಕ್ಕಿಯ ಮೇಲೆ ಕಾಕ ಉಂಗುರದಿಂದ ಸುವರ್ಣಾ ಎಂದು ಬರೆದ. ಅಲ್ಲಿಗೆ ಮುಗಿಯಿತು.

"ನೀಲಮ್ಮ ರೇಡಿಯೋದಾಗ ಹಾಡಬೇಕಂತಿದ್ಳು," ಎಂದಳು ಕಾಕು, ಬದನೆಕಾಯಿಯಿಂದ ಕಣ್ಣೆತ್ತದೆ. "ಸುವರ್ಣಾಗ ಹಾಡು ಬರ್ತದಂತ ಈ ಮನ್ಯಾಗ ಯಾರಿಗೂ ಗೊತ್ತಿಲ್ಲ."

"ಹಂಗಾರ ನೀಲಮ್ಮ ಎಲ್ಲಿ ಹೋದ್ಳು?"

"ಎಲ್ಲಿ ಹೋಗ್ತಾಳ? ಒಳಗ ಅದಾಳ. ಕರಿಯೋರಿಲ್ಲ, ಅಷ್ಟ."

ನನಗೆ ಸಂಕಟವಾಯಿತು. ಆದರೂ ಎಣ್ಣೆಗಾಯಿಯನ್ನು ಮತ್ತೆ ಮತ್ತೆ ಬಡಿಸಿಕೊಂಡು ಉಂಡೆ. ಸಂಕಟ ಬೇರೆ, ಹೊಟ್ಟೆ ಬೇರೆ. ಗೆಳೆಯರಿಗೆ ಕಾಕುವಿನ ಅರ್ಥವನ್ನೇ ಹೇಳಿದೆ. ಅವರಿಗೆ ಹಿಡಿಸಲಿಲ್ಲ, ತೀರಾ ಸುಲಭವಾಯಿತಂತೆ.

ಇವತ್ತು ಹಣ್ಣು ಕೊಂಡವನೇ ಬಂಡಿಯ ಪಕ್ಕದಲ್ಲಿ ನಿಂತು ಕಮಲಾಪುರಕ್ಕೆ ಫೋನ್ ಹಚ್ಚಿದೆ.

"ನೀಲಮ್ಮ ಅದಾರೇನ್ರಿ?"

ಸಿನಿಮಾದ ಹೆಂಗಸಿನ ಉತ್ತರವೇ ಬಂದೀತೇನೋ ಎಂದು ಹೆದರಿದೆ.

"ಅದಾಳ," ಎಂದಳು ಕಾಕು. "ತಡಿ, ಕರಿತೀನಿ."

ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಹಾಡು. ಮೊದಲ ಸಾಲಿಗೇ ತಪ್ಪಿತು, ನಿಂತಿತು, ಮತ್ತೆ ಮೊದಲಿಂದ ಶುರುವಾಯಿತು. ನಾನು ಫೋನಿನ ಸದ್ದು ಏರಿಸಿದೆ. ಬಂಡಿಯವನು ಚಿಲ್ಲರೆ ಕೊಡುವುದನ್ನು ಬಿಟ್ಟು ಕಿವಿಗೊಟ್ಟ.

"ಯಾರ್ರೀ ಹಾಡಾಕತ್ತಾರ?"

"ನೀಲಮ್ಮ," ಎಂದೆ. "ನಮ್ಮ ಕಾಕು."