ಪೌಡರ್ ಡಬ್ಬಿಯ ಇಂಜಿನ್ನು

ಆಗಿನ ದಿನಗಳ ಬಗ್ಗೆ ಬರೆಯಲು ಕೂತವರೆಲ್ಲ ಪೆನ್ನನ್ನು ಬೆಲ್ಲದಲ್ಲಿ ಅದ್ದಿಕೊಂಡೇ ಕೂಡುತ್ತಾರೆ. ಮಾವಿನಹಣ್ಣು, ಸೂಟಿ, ಅಜ್ಜಿಯ ಕೈತುತ್ತು. ನಮ್ಮ ಮನೆಯಲ್ಲೂ ಇವೆಲ್ಲ ಇದ್ದವು, ಇಲ್ಲ ಅನ್ನುವುದಿಲ್ಲ. ಆದರೆ ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆ ಸೂಟಿಯನ್ನು ನೆನೆದರೆ ನನಗೆ ಮೊದಲು ಬರುವುದು ವಾಕರಿಕೆ. ಅದನ್ನು ಸಿಹಿ ಮಾಡಿ ಹೇಳುವುದು ನನ್ನಿಂದ ಆಗುವುದಿಲ್ಲ.

ನಮ್ಮದು ಗಂಗಾವತಿ. ಆಗ ಊರಿಗೆ ರೈಲಿರಲಿಲ್ಲ. ರೈಲು ಬರುತ್ತದೆ ಎಂಬ ಮಾತು ಮಾತ್ರ ನನ್ನ ಅಪ್ಪ ಸಣ್ಣವನಿದ್ದಾಗಿನಿಂದ ಬರುತ್ತಲೇ ಇತ್ತು. ರೈಲು ನೋಡಬೇಕೆಂದರೆ ಕೊಪ್ಪಳಕ್ಕೋ ಹುಲಿಗಿಗೋ ಹೋಗಬೇಕು. ಹುಲಿಗೆಮ್ಮನಿಗೆ ಹೋದಾಗ ನಾನಂತೂ ದೇವಿಗಿಂತ ಮೊದಲು ರೈಲಿಗೆ ಕೈ ಮುಗಿಯುತ್ತಿದ್ದೆ. ಜೊತೆಗೆ ನಿಂತು ಕೈ ಮುಗಿಯುತ್ತಿದ್ದವನು ವೀರೇಶ ಕಾಕಾ, ಅಪ್ಪನ ತಮ್ಮ. ಮುಖ್ಯ ರಸ್ತೆಯಲ್ಲಿ ಅವನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇತ್ತು. ಕಾಲುವೆ ನೀರಿನ ಸೀಮೆ, ಭತ್ತದ ಗದ್ದೆಗಳ ಪಂಪುಗಳೆಲ್ಲ ಸುಟ್ಟು ಅವನ ಹತ್ತಿರವೇ ಬರುತ್ತಿದ್ದವು. ಅವನ ಅಂಗಿಗೆ ಯಾವಾಗಲೂ ವಾರ್ನಿಷ್ ವಾಸನೆ, ಜೇಬಿನಲ್ಲಿ ಆಯಿಗೆ ಕಾಣದಂತೆ ಒಂದು ಬೀಡಿ ಕಟ್ಟು, ಒಂದು ಕಡ್ಡಿಪೆಟ್ಟಿಗೆ. ಆಯಿ ಅಂದರೆ ಅವನ ಅವ್ವ, ನನ್ನ ಅಜ್ಜಿ, ಮನೆಯ ಹೈಕೋರ್ಟು.

ಸೂಟಿಯ ಮೊದಲ ವಾರ ಕಾಕಾ ನನ್ನನ್ನು ಮಾಳಿಗೆಯ ಮೇಲಿನ ಖೋಲಿಗೆ ಕರೆದೊಯ್ದ. ಅಲ್ಲಿ ಹಳೆಯ ಎರಡು ಬಾಗಿಲುಗಳನ್ನು ಜೋಡಿಸಿ ಇಟ್ಟಿಗೆಯ ಮೇಲೆ ಮಲಗಿಸಿದ್ದ.

"ಸರಕಾರದ ರೈಲು ಬರೂದು ಬರ್ಲಿ ಗಿರಿಜಾ, ನಮ್ದು ನಾವು ಹಾಕ್ಕೊಳ್ಳೋಣು" ಅಂದ.

ಸೀಮೆಸುಣ್ಣದಿಂದ ಬಾಗಿಲ ಮೇಲೆ ನಾಲ್ಕು ಮೂಲೆಗೆ ನಾಲ್ಕು ಊರು ಬರೆದ. ಗಂಗಾವತಿ, ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ತಿರುಗಿ ಗಂಗಾವತಿ. ದೊಡ್ಡ ರೈಲಿನ ಹಾಗೆ ಅಗಲವಾದ ಹಳಿ ಯಾಕೆ ಬೇಡ ಅಂತ ನಾನು ಕೇಳಿದೆ.

"ಅಗಲ ಲೈನಿಗೆ ತಿರುವು ದೊಡ್ಡದು ಬೇಕವಾ. ಬಾಗಿಲದ ಮ್ಯಾಲ ತಿರುಗಂಗಿಲ್ಲ, ಕೆಳಗ ಬೀಳತೈತಿ. ನ್ಯಾರೋ ಗೇಜ್ ಅಂದ್ರ ಗುಡ್ಡ ಸುತ್ತಿ, ಹಿತ್ತಲ ಹಾದು, ಹೆಂಗ ಬೇಕಾದ್ರೂ ಬರತೈತಿ."

ಹಳಿಯ ಅಗಲ ಎಷ್ಟು ಅಂತ ಗೊತ್ತುಮಾಡಿದ್ದು ಅವನ ಕಡ್ಡಿಪೆಟ್ಟಿಗೆ. ಅದನ್ನು ಅಡ್ಡಡ್ಡ ಇಟ್ಟರೆ ಎರಡು ಹಳಿಗಳ ನಡುವೆ ಸರಿಯಾಗಿ ಕೂಡಬೇಕು, ಅಲುಗಬಾರದು, ಸಿಕ್ಕಿಕೊಳ್ಳಲೂಬಾರದು. ರೈಸ್‌ಮಿಲ್ಲಿಗೆ ಬರುವ ಮಿಷನ್ ಪೆಟ್ಟಿಗೆಗಳಿಗೆ ಬಿಗಿದಿರುತ್ತಿದ್ದ ಕಬ್ಬಿಣದ ಪಟ್ಟಿಯೇ ನಮ್ಮ ಹಳಿ. ಆ ಪೆಟ್ಟಿಗೆಯ ಹಲಗೆಯನ್ನೇ ಸಣ್ಣ ತುಂಡು ಮಾಡಿ, ಒಂದೊಂದಕ್ಕೂ ಹ್ಯಾಕ್ಸಾ ಬ್ಲೇಡಿನಿಂದ ಎರಡೆರಡು ಗೀರು ಕೊಯ್ದು, ಪಟ್ಟಿಯನ್ನು ಅದರೊಳಗೆ ನಿಲ್ಲಿಸುವುದು. ಗೀರು ಕೊಯ್ಯುವವನು ಕಾಕಾ. ತುಂಡುಗಳನ್ನು ಕರಿ ಆಯಿಲ್‌ನಲ್ಲಿ ಅದ್ದಿ ಒಣಗಿಸಿ, ಕಡ್ಡಿಪೆಟ್ಟಿಗೆ ಹಿಡಿದು ಮೊಣಕಾಲ ಮೇಲೆ ತೆವಳುತ್ತ ಒಂದೊಂದೇ ಗೀರು ತಪಾಸಣೆ ಮಾಡುವವಳು ನಾನು. ಒಂದು ಕೂದಲು ಹೆಚ್ಚುಕಮ್ಮಿ ಇದ್ದರೂ ಕಿತ್ತು ಒಗೆಯುತ್ತಿದ್ದೆ. ಕಾಕಾ ಬೈಯುತ್ತಿರಲಿಲ್ಲ, ಇನ್ನೊಂದು ಕೊಯ್ಯುತ್ತಿದ್ದ.

ಇಂಜಿನ್ನು ಮಾತ್ರ ಅವನೊಬ್ಬನೇ ಮಾಡಿದ. ಅವ್ವನ ಖಾಲಿ ಪೌಡರ್ ಡಬ್ಬಿ ಅದರ ಹೊಟ್ಟೆ. ಡಬ್ಬಿಯ ಮೇಲಿನ ಗುಲಾಬಿ ಹೂವನ್ನು ಉಳಿಸಿಕೊಂಡು ಉಳಿದದ್ದಕ್ಕೆ ಕರಿ ಬಣ್ಣ, ಸೊಂಟಕ್ಕೊಂದು ಕೆಂಪು ಗೆರೆ. ಒಂದು ದೊಡ್ಡ ವಾಷರಿಗೆ ಒಂದು ಸಣ್ಣ ವಾಷರ್ ಬೆಸುಗೆ ಹಾಕಿ ಗಾಲಿ, ಸೈಕಲ್ ಕಡ್ಡಿಯ ಅಚ್ಚು, ಕೆಟ್ಟ ಟೇಪ್‌ರೆಕಾರ್ಡರಿನ ಮೋಟಾರು, ಹಿಂದಿನ ಡಬ್ಬಿಯಲ್ಲಿ ಎರಡು ಸೆಲ್ಲು. ಮೋಟಾರು ಬಿಸಿಯಾದರೆ ಡಬ್ಬಿಯೊಳಗಿಂದ ಅವ್ವನ ಪೌಡರಿನ ವಾಸನೆ ಬರುತ್ತಿತ್ತು. ಅಂಥಾ ಇಂಜಿನ್ನನ್ನು ನಾನು ಎಲ್ಲೂ ಮತ್ತೆ ನೋಡಿಲ್ಲ.

ಇನ್ನು ಗುಡ್ಡ. ಕೊಪ್ಪಳ ಅಂದ ಮೇಲೆ ಕೋಟೆ ಗುಡ್ಡ ಬೇಕೇ ಬೇಕಲ್ಲ. ನಮ್ಮ ಕಡೆ ಹಳೇ ಕಾಗದ ನೆನೆಹಾಕಿ, ಮೆಂತೆಯ ಜೊತೆ ಒರಳಲ್ಲಿ ರುಬ್ಬಿ ಬುಟ್ಟಿಗೆ ಮೆತ್ತುತ್ತಾರೆ. ಮೆಂತೆ ಇದ್ದರೆ ಹುಳ ಹಿಡಿಯುವುದಿಲ್ಲ. ಅವ್ವನನ್ನು ಮೆಂತೆ ಕೇಳಿದರೆ, "ಉಪ್ಪಿನಕಾಯಿಗೆ ಇಟ್ಟದ್ದು ನಿಮ್ಮ ಆಟಕ್ಕ ಕೊಡ್ಲೇನ?" ಅಂದಳು. ಭತ್ತದ ಊರಲ್ಲಿ ಗಂಜಿಗೇನು ಬರ. ಮೆಂತೆ ಬಿಟ್ಟು ಬರೀ ಗಂಜಿಯಲ್ಲೇ ಕಾಗದ ಕಲಸಿ ಗುಡ್ಡ ಮೆತ್ತಿದೆವು. ಮೂರನೇ ದಿನಕ್ಕೆ ಹುಳಿ ವಾಸನೆ. ಐದನೇ ದಿನ ಬೆಳಿಗ್ಗೆ ನಾನು ಗುಡ್ಡ ಒಣಗಿದೆಯಾ ಅಂತ ಬೆರಳು ಒತ್ತಿದರೆ ಬೆರಳು ಒಳಗೆ ಹೋಯಿತು. ಒಳಗೆ ಏನೋ ಅಲುಗಿತು. ತೆಗೆದು ನೋಡಿದರೆ ಬಿಳೀ ಹುಳ, ಉಗುರಿನ ಸಂದಿಯಲ್ಲೂ ಹುಳ.

ಕಾಕಾ ಅಂಗಡಿಗೆ ಹೋಗಿದ್ದ. ನಾನೊಬ್ಬಳೇ ತೆಂಗಿನ ಚಿಪ್ಪಿನಿಂದ ಇಡೀ ಕೊಪ್ಪಳವನ್ನು ಕೆರೆದು ಬುಟ್ಟಿಗೆ ತುಂಬಿ, ಮೂಗು ಮುಚ್ಚಿಕೊಂಡು ಮೂರು ಸಲ ತಿಪ್ಪೆಗೆ ಹೊತ್ತು ಹಾಕಿದೆ. ಎರಡು ದಿನ ರೊಟ್ಟಿ ಬಾಯಿಗೆ ಒಯ್ದರೆ ಕೈ ನಾರುತ್ತಿತ್ತು. ಅವ್ವ ಮೆಂತೆ ಡಬ್ಬಿ ತಂದು ಮಾಳಿಗೆ ಮೆಟ್ಟಿಲ ಮೇಲಿಟ್ಟಳು.

ಹುಳ ಕಂಡ ದಿನವೇ ಸಂಜೆ ಕಾಕಾ ಬಂದು ಬೋಳಾದ ಬಾಗಿಲು ನೋಡಿ, ನನ್ನ ಮುಖ ನೋಡಿ, ಪಕ್ಕದಲ್ಲಿ ಕೂತ.

"ಇಂಥಾ ಹೇಸಿಗಿ ಕೆಲಸ ನೀ ಒಬ್ಬಾಕಿನ ಮಾಡೀದಿ. ಮೊದಲ್ನೇ ಸಲ ಇಂಜಿನ್ನಿನ ಬಟನ್ ನೀನ ಒತ್ತು. ಮಾತು ಕೊಟ್ಟೀನಿ."

ಅವ್ವನ ಮೆಂತೆ ಹಾಕಿ ರುಬ್ಬಿ ಗುಡ್ಡವನ್ನು ಮತ್ತೆ ಮೆತ್ತಿದೆವು. ಮುಂದಿನ ಇಪ್ಪತ್ತು ದಿನ ನಾನು ಬದುಕಿದ್ದು ಆ ಬಟನ್ನಿಗಾಗಿ.

ಹಳಿ ಸುತ್ತು ಮುಗಿದು ಎರಡೂ ತುದಿ ಗಂಗಾವತಿಯಲ್ಲಿ ಕೂಡಿದ ಮರುದಿನವೇ ಯಲಬುರ್ಗಿ ಮಾಮಾ ಸೀಕರಣಿ ಊಟಕ್ಕೆ ಬಂದರು. ಮಾಮಾ ಅಂದರೆ ನಮ್ಮ ಅತ್ತಿಯ ಗಂಡ, ಆಯಿಯ ಅಳಿಯ. ಮಾವಿನ ಸುಗ್ಗಿಯಲ್ಲಿ ಅಳಿಯನನ್ನು ಕರೆದು ಸೀಕರಣಿ ಉಣಿಸದಿದ್ದರೆ ಆಯಿಗೆ ನಿದ್ದೆ ಬರುವುದಿಲ್ಲ. ಮಾಮಾ ಉಣ್ಣುವುದನ್ನು ನೋಡಿದರೆ ಉಳಿದವರಿಗೂ ಬರುವುದಿಲ್ಲ. ಸೀಕರಣಿ ಮೊಣಕೈವರೆಗೆ ಇಳಿಯಬೇಕು, ಅದನ್ನು ನಾಲಿಗೆಯಿಂದ ಮೇಲಕ್ಕೆ ತರಬೇಕು, ನಡುವೆ ಓಣಿಗೆ ಕೇಳುವ ಹಾಗೆ ತೇಗಬೇಕು. ಅತ್ತಿ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದಳು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ನನ್ನ ಹತ್ತಿರ ಒಳ್ಳೆಯದು ಇಲ್ಲ.

ಊಟವಾದ ಮೇಲೆ ಎಲೆ-ಅಡಿಕೆ ಜಗಿಯುತ್ತ, "ಮ್ಯಾಲೇನೋ ರೈಲು ಮಾಡ್ಯಾರಂತಲ್ಲ, ತೋರಸ್ರಿ" ಅಂದರು. ಎಲ್ಲರೂ ಮಾಳಿಗೆ ಹತ್ತಿದೆವು. ಮಾಮಾ ಕಿಟಕಿಯಿಂದ ಒಂದು ಸಲ ಪಿಚಕ್ಕನೆ ಉಗುಳಿ ಬಂದು, ಸುಣ್ಣದ ಬೆರಳನ್ನು ನಾನು ರಟ್ಟಿನಿಂದ ಮಾಡಿದ್ದ ಯಲಬುರ್ಗಾ ಸ್ಟೇಷನ್ನಿನ ಗೋಡೆಗೆ ಒರೆಸಿದರು. ನಾನು ಹಲ್ಲು ಕಚ್ಚಿ ಬಟನ್ನಿನ ಕಡೆ ಕೈ ಒಯ್ದೆ.

"ತಡಿಯ, ಅಳಿಯಂದ್ರು ಅದಾರ. ಅವರ ಕೈಲೆ ಶುರು ಆಗ್ಲಿ" ಅಂದಳು ಆಯಿ.

ಕಾಕಾ ನನ್ನ ಕಡೆ ನೋಡಿದ. ನಾನೂ ನೋಡಿದೆ. ಅವನು ಕಣ್ಣು ಬೇರೆ ಕಡೆ ಮಾಡಿ, "ಎರಡ್ನೇದು ನೀ ಒತ್ತವಾ" ಅಂದ.

ಮಾಮಾ ಒತ್ತಿದರು. ಇಂಜಿನ್ನು ಗಿರ್ರನೆ ಹೊರಟಿತು. ಕೊಪ್ಪಳದ ಗುಡ್ಡ ಬಳಸಿತು, ಯಲಬುರ್ಗಾ ದಾಟಿತು, ಕುಷ್ಟಗಿ ತಿರುವಿನಲ್ಲಿ ಒಂದಿಷ್ಟು ವಾಲಿ, ಬೀಳದೆ ಗಂಗಾವತಿಗೆ ಬಂತು. ಪೌಡರಿನ ವಾಸನೆ ಖೋಲಿ ತುಂಬಾ. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯ ಸಲವೂ ಮಾಮಾನೇ ಒತ್ತಿದರು. ಮೂರನೆಯ ಸಲವೂ. ಕಾಕಾ ನಗುತ್ತ ನಿಂತಿದ್ದ. ಆ ನಗು ನೋಡಿ ನನ್ನ ಮೈ ಉರಿಯಿತು.

"ಛಲೋ ಮಾಡೀಯಲೇ ವೀರೇಶ. ನಮ್ಮ ಶೋಕೇಸಿನ್ಯಾಗ ಇಟ್ರ ಭಾಳ ಚೆಂದ ಕಾಣತೈತಿ" ಅಂದರು ಮಾಮಾ.

ನಮ್ಮ ಮನೆಗಳಲ್ಲಿ ಇದಕ್ಕೊಂದು ಪಾಠ ಇದೆ. ಬಂದವರು ಏನನ್ನಾದರೂ ಹೊಗಳಿದರೆ ಮನೆಯವರು "ನಿಮ್ದ ಐತ್ರಿ, ತಗೊಂಡ ಹೋಗ್ರಿ" ಅನ್ನಬೇಕು. ಬಂದವರು "ಇರ್ಲಿ ಬಿಡ್ರಿ, ನಿಮ್ಮನ್ಯಾಗ ಇರ್ಲಿ" ಅನ್ನಬೇಕು. ಸೀರೆಯಿಂದ ಹಿಡಿದು ಆಕಳವರೆಗೆ ಎಲ್ಲದಕ್ಕೂ ಇದೇ ಎರಡು ಮಾತು, ಯಾರೂ ಏನನ್ನೂ ಒಯ್ಯುವುದಿಲ್ಲ. ಕಾಕಾ ಆ ಮೊದಲ ಮಾತನ್ನು ಹೇಳಲಿಲ್ಲ. ಬಾಯಿ ಬಿಗಿಹಿಡಿದು ನಿಂತ. ಅವನಿಗೆ ಆ ಇಂಜಿನ್ನು ಎಷ್ಟು ಬೇಕಾಗಿತ್ತು ಅನ್ನುವುದು ಆಗ ನನಗೆ ಕಾಣಿಸಿತು. ಕಂಡೇ ನಾನು ಹೇಳಿದೆ.

"ನಿಮ್ದ ಐತ್ರಿ ಮಾಮಾ, ತಗೊಂಡ ಹೋಗ್ರಿ."

ಅವನ ಎದೆ ಒಂದು ಗಳಿಗೆ ಧಸಕ್ಕನ್ನಲಿ, ಅಷ್ಟೇ ನನಗೆ ಬೇಕಿದ್ದದ್ದು. ಎರಡನೆಯ ಮಾತು ಮಾಮಾ ಹೇಳಿಯೇ ಹೇಳುತ್ತಾರೆ ಅಂತ ಕಾದೆ.

"ಹಂಗಾದ್ರ ಒಂದು ಡಬ್ಬ್ಯಾಗ ಹಾಕಿ ಕೊಡ್ರಿ. ಹಳಿ ಬ್ಯಾಡ, ಬಸ್ಸಿನ್ಯಾಗ ಹಿಡಿಯಂಗಿಲ್ಲ. ಇಂಜಿನ್ನು ಸಾಕು."

ಕಾಕಾ ಕೆಳಗಿಳಿದು ಹೋಗಿ ರಟ್ಟಿನ ಡಬ್ಬಿ ತಂದ. ತಳಕ್ಕೆ ಭತ್ತದ ಹೊಟ್ಟು ಹಾಸಿ, ಇಂಜಿನ್ನು ಮಲಗಿಸಿ, ಸುತ್ತಲೂ ಹೊಟ್ಟು ಒತ್ತಿ ತುಂಬಿದ. ಸೆಲ್ಲು ಹೇಗೆ ಬದಲಿಸಬೇಕು ಅಂತ ಅತ್ತಿಗೆ ಎರಡು ಸಲ ತೋರಿಸಿದ.

ಅವರು ಹೋದ ಮೇಲೆ ಆಯಿ ನನ್ನ ಗಲ್ಲ ಹಿಡಿದು, "ಹುಡುಗಿ ಮನಿ ಮರ್ಯಾದಿ ಉಳಿಸ್ತು ನೋಡ್ರಿ. ಯಾರೂ ಹೇಳಿಕೊಟ್ಟಿಲ್ಲ" ಅಂದಳು. ಅವ್ವ ಬಟ್ಟಲ ತುಂಬಾ ಸೀಕರಣಿ ಕೊಟ್ಟಳು. ನಾನು ಅದನ್ನು ತಿಂದೆ. ಬೆರಳು ನೆಕ್ಕಿ ತಿಂದೆ. ಮಾಮಾನ ಮೊಣಕೈ ನೆನಪಾದರೆ ಹೇಸಿಗೆ ಅನ್ನುತ್ತೇನಲ್ಲ, ಅದಕ್ಕಿಂತ ಹೆಚ್ಚು ಹೇಸಿಗೆ ಆ ಬಟ್ಟಲು ನೆನಪಾದರೆ. ಕಾಕಾ ಸಂಜೆ ನನ್ನ ತಲೆ ಮೇಲೆ ಕೈ ಇಟ್ಟು, "ನಿಂದೇನ ತಪ್ಪಿಲ್ಲವಾ, ಹಿರೇರು ಕಲಿಸಿದ್ದ ಹೇಳೀದಿ" ಅಂದ. ಸಿಟ್ಟಿಗೆ ಹೇಳಿದೆ ಕಾಕಾ ಅನ್ನಬೇಕಾಗಿತ್ತು. ಅನ್ನಲಿಲ್ಲ.

ದೀಪಾವಳಿಗೆ ಅವ್ವನ ಜೊತೆ ಯಲಬುರ್ಗಾಕ್ಕೆ ಹೋದೆ. ಶೋಕೇಸಿನಲ್ಲಿ ಒಂದು ಪ್ಲಾಸ್ಟಿಕ್ ಹೂದಾನಿ, ಎರಡು ಗೊಂಬೆ. ಇಂಜಿನ್ನು ಇಲ್ಲ. ಕೇಳಲು ಧೈರ್ಯವಾಗಲಿಲ್ಲ. ಮರುದಿನ ಬೆಳಿಗ್ಗೆ ಅತ್ತಿ ಮಾಮಾನ ಮಂಚದ ಕೆಳಗಿಂದ ಏನೋ ಎತ್ತಿಕೊಂಡು, ಮುಖ ಒಂದು ಕಡೆ ತಿರುಗಿಸಿ ಬಚ್ಚಲ ಕಡೆ ಹೋಗುತ್ತಿದ್ದಳು. ಗುಲಾಬಿ ಹೂವು ಕಂಡಿತು. ಕೆಂಪು ಗೆರೆ ಕಂಡಿತು. ಗಾಲಿ ಕಿತ್ತು, ಬಾಯಿ ಅಗಲ ಕತ್ತರಿಸಿದ್ದರು. ಅರ್ಧ ತುಂಬಿದ ಎಲೆ-ಅಡಿಕೆ ಉಗುಳು, ಅಂಚಿಗೆ ಒಣಗಿ ಕರಿಯಾದ ಉಗುಳು, ಅದರ ಮೇಲೆ ನೊಣ.

ಅತ್ತಿ ನನ್ನನ್ನು ನೋಡಿ ನಿಂತಳು.

"ಗಾಲಿ ಮುರದಿದ್ದವವಾ. ಅವರು ಒಗಿಯೂದು ಯಾಕ ಅಂತ ಹಿಂಗ ಮಾಡಿಕೊಂಡ್ರು. ವೀರೇಶಗ ಹೇಳಬ್ಯಾಡ."

ನಾನು ಹಿತ್ತಲಿಗೆ ಓಡಿ ಹೋಗಿ ಕಾರಿಕೊಂಡೆ.

ಊರಿಗೆ ಬಂದಾಗ ಕಾಕಾ ಅಂಗಡಿ ಬಿಟ್ಟು ಬಸ್‌ಸ್ಟ್ಯಾಂಡಿಗೆ ಬಂದಿದ್ದ. ಚೀಲ ಇಸಿದುಕೊಳ್ಳುವ ಮೊದಲೇ ಕೇಳಿದ.

"ಇಂಜಿನ್ನು ಓಡತೈತೇನವಾ?"

"ಓಡತೈತಿ ಕಾಕಾ."

"ಹಳಿ ಇಲ್ಲದ ಹೆಂಗ ಓಡಸ್ತಾರ?"

"ನೆಲದ ಫರಸಿ ಮ್ಯಾಲ. ದಿನಾ ಓಡಸ್ತಾರ."

ಅವನ ಮುಖ ಎಷ್ಟು ಅರಳಿತೆಂದರೆ ನಾನು ನೆಲ ನೋಡಿದೆ. ಪುಣ್ಯ ಬರುವ ಸುಳ್ಳು ಅಂದುಕೊಂಡಿದ್ದೆ. ಅದರ ಫಲ ಆಮೇಲೆ ತಿಳಿಯಿತು. ಇನ್ನೊಂದು ಇಂಜಿನ್ನು ಮಾಡೋಣ ಕಾಕಾ ಅಂತ ನಾನು ಎಷ್ಟೋ ಸಲ ದುಂಬಾಲು ಬಿದ್ದೆ. ಪ್ರತಿಸಲವೂ ಅವನದು ಒಂದೇ ಉತ್ತರ, "ಒಂದು ಅಲ್ಲಿ ಓಡಾಕತ್ತೈತಲ್ಲ, ಸಾಕ ಬಿಡು." ಪಂಪು ತಂದ ರೈತರಿಗೆಲ್ಲ ಹೇಳುತ್ತಿದ್ದ, ನನ್ನ ರೈಲು ಯಲಬುರ್ಗ್ಯಾಗ ಐತಿ ಅಂತ. ಮರುವರ್ಷದ ಮಳೆಗಾಲಕ್ಕೆ ಮೊದಲು ಹಳಿ ಕಿತ್ತರು. ಒಂದು ಬಾಗಿಲು ಬಚ್ಚಲಿಗೆ ಹೋಯಿತು. ಸ್ನಾನಕ್ಕೆ ಹೋದರೆ ಕಣ್ಣೆದುರು ಸೀಮೆಸುಣ್ಣದ ಕುಷ್ಟಗಿ, ಒಂದೊಂದೇ ಅಕ್ಷರ ನೀರಿಗೆ ಅಳಿಸುತ್ತ ಹೋಯಿತು.

ಈಗ ಗಂಗಾವತಿಗೆ ಸರಕಾರದ ರೈಲು ಬಂದಿದೆ. ಕುಷ್ಟಗಿಗೂ ಬಂದಿದೆ. ಜನ ಫೋಟೋ ಹಿಡಿದು ಕಳಿಸುತ್ತಾರೆ, ನಾನು ತೆರೆದು ನೋಡುವುದಿಲ್ಲ. ಅಗಲ ಹಳಿ, ದೊಡ್ಡ ಗಾಡಿ, ಯಾವ ತಿರುವಿನಲ್ಲೂ ಎದೆ ಹೊಡೆದುಕೊಳ್ಳುವುದಿಲ್ಲ. ನನ್ನ ಮನೆಯಲ್ಲಿ ಯಾರಾದರೂ ಏನನ್ನಾದರೂ ಹೊಗಳಿದರೆ ನಾನು ತಗೊಂಡು ಹೋಗ್ರಿ ಅನ್ನುವುದಿಲ್ಲ. ನಾನೀಗ ಇರುವ ಕೊಪ್ಪಳದಲ್ಲಿ ಅಕ್ಕಪಕ್ಕದವರು ನನ್ನನ್ನು ಜಿಪುಣಿ ಅನ್ನುತ್ತಾರೆ. ಅನ್ನಲಿ.

ಹೋದ ವರ್ಷ ಹುಬ್ಬಳ್ಳಿಯಲ್ಲಿ ಒಂದು ಸಣ್ಣ ರೈಲು ಕೊಂಡೆ. ಹಳಿ, ಸ್ಟೇಷನ್ನು, ಇಂಜಿನ್ನು ಎಲ್ಲ ಇರುವ ಪೆಟ್ಟಿಗೆ. ಕಾಕಾಗೆ ಕೊಟ್ಟು, ಹೇಳಬೇಕಾದದ್ದನ್ನೆಲ್ಲ ಹೇಳಿಬಿಡಬೇಕು ಅಂತಲೇ ಕೊಂಡದ್ದು. ಹೇಳುವ ಮಾತು ಹೊಂದಿಸಿಕೊಳ್ಳುವವರೆಗೆ ಇರಲಿ ಅಂತ ಜೋಡಿಸಿ ಶೋಕೇಸಿನಲ್ಲಿಟ್ಟೆ. ಹೌದು, ನನ್ನ ಮನೆಯಲ್ಲೂ ಒಂದು ಶೋಕೇಸು ಇದೆ.

ಹೋದ ತಿಂಗಳು ಕಾಕಾನೇ ಬಂದ, ಗಂಗಾವತಿಯಿಂದ ರೈಲಿನಲ್ಲಿ. ಈಗ ಬೀಡಿ ಬಿಟ್ಟಿದ್ದಾನೆ, ಆದರೆ ಜೇಬಿನಲ್ಲಿ ಕಡ್ಡಿಪೆಟ್ಟಿಗೆ ಹಾಗೇ ಇದೆ. ಶೋಕೇಸಿನ ಮುಂದೆ ನಿಂತ. ಗಾಜು ಸರಿಸಿ, ಕನ್ನಡಕ ಮೇಲೆ ಮಾಡಿ, ಕಡ್ಡಿಪೆಟ್ಟಿಗೆಯನ್ನು ಅಡ್ಡ ಹಿಡಿದು ಹಳಿಯ ಮೇಲಿಟ್ಟು ನೋಡಿದ.

"ನಮ್ದಕ್ಕಿಂತ ಸಣ್ಣದು. ಛಲೋ ಐತವಾ" ಅಂದ.

ನಿಂದ ಐತಿ ಕಾಕಾ, ತಗೊಂಡ ಹೋಗು. ಇಷ್ಟೇ ಮಾತು. ನಾಲಿಗೆಯ ತುದಿಗೆ ಬಂತು, ಬಂದಾಗ ಮಾಮಾನ ಮಂಚದ ಕೆಳಗಿನ ಆ ಡಬ್ಬಿಯ ವಾಸನೆಯೂ ಬಂತು. ನಾನು ಚಹಾದ ಕಪ್ಪು ಹಿಡಿದು ಸುಮ್ಮನೆ ನಿಂತೆ. ಕಾಕಾ ನನ್ನ ಕಡೆ ಒಂದು ಸಲ ನೋಡಿದ. ಅವತ್ತು ಮಾಳಿಗೆಯಲ್ಲಿ ನೋಡಿದ್ದ ಹಾಗೆಯೇ. ಆಮೇಲೆ ಕಡ್ಡಿಪೆಟ್ಟಿಗೆ ಜೇಬಿಗೆ ಹಾಕಿಕೊಂಡು ಗಾಜು ಮುಚ್ಚಿದ.

"ಇರ್ಲಿ ಬಿಡವಾ" ಅಂದ. "ನಿಮ್ಮನ್ಯಾಗ ಇರ್ಲಿ."

ಚಹಾ ಕುಡಿದು ಸಂಜೆಯ ಗಾಡಿಗೆ ಹೋದ. ರೈಲು ಶೋಕೇಸಿನಲ್ಲೇ ಇದೆ.