ಹೊರಟವರನ್ನು ಕೂರಿಸಿದ್ದು

ಮಜಾ ಎಂದು ಕಾರವಾರದಲ್ಲಿ ಹತ್ತಿದ ಹಾಯಿದೋಣಿ ಗಾಳಿಯಿಲ್ಲದೆ ಗಂಗೊಳ್ಳಿಯ ಅಳಿವೆಯಲ್ಲಿ ನಿಂತುಬಿಟ್ಟಿತ್ತು. ಶುಕ್ರವಾರ ಜಯನಗರದ ಮನೆಗೆ ತಂಗಿಯನ್ನು ನೋಡಲು ಗಂಡಿನವರು ಬರುತ್ತಾರೆ. ಅಷ್ಟರೊಳಗೆ ನಾನು ಮಂಗಳೂರು ಮುಟ್ಟಿ ಬಸ್ಸು ಹಿಡಿಯಬೇಕು. ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಮಧ್ಯಾಹ್ನ ಗಾಳಿ ಎದ್ದಿತು. ಇಕ್ಕಟ್ಟಾದ ದಾರಿಯಲ್ಲಿ ನಮ್ಮ ಮುಂದಿದ್ದ ಹೆಂಚು ಹೇರಿದ ದೋಣಿಯವರು ಹಾಯಿ ಏರಿಸಿದರು. ಬೆಳಗ್ಗೆ ಗಂಜಿ ಕೊಟ್ಟವರೆಂಬ ಸಲಿಗೆಯಿಂದ ಕೂಗಿದೆ: "ಎಲ್ಲಿಗ್ ಹೊರಟ್ರಿ ಅಣ್ಣಾ?"

ಹಾಯಿ ಸರ್ರನೆ ಇಳಿಯಿತು. ಎಲ್ಲರೂ ಕೂತು ನೀರು ಕುಡಿಯತೊಡಗಿದರು.

"ಹೊರಡುವಾಗ ಹಾಗೆ ಕೇಳುದಾ ಮಾರಾಯ್ರೆ? ಇನ್ನವರು ಕೂತೇ ಹೋಗ್ಬೇಕು. ಅವರು ಹೋಗದೆ ನಮಗೂ ದಾರಿಯಿಲ್ಲ" ಎಂದ ನಮ್ಮ ದೋಣಿಯವನು.

'ಎಲ್ಲಿಗೆ ಅನ್ಬೇಡ, ದೂರಾನಾ ಅನ್ನು' ಎಂದು ಮನೆಯಲ್ಲಿ ಅಮ್ಮ ಗದರುವುದೂ ಇದಕ್ಕೇ.

ಆ ದೋಣಿಯ ಮುದುಕ ನಗುತ್ತ ನೀರಿನ ಚೊಂಬನ್ನು ನನ್ನತ್ತ ಚಾಚಿದ.

"ನಿಮಗೆ ದೂರವಾ?"

"ದೂರ" ಎಂದೆ. ಗಾಳಿ ಆಗಲೇ ಬೀಳತೊಡಗಿತ್ತು.