ಮೇಷ್ಟ್ರ ಫಿಟ್‌ನೆಸ್ ಸರ್ಟಿಫಿಕೇಟು

ಸರ್ಕಾರಿ ನೌಕರನ ದೇಹಕ್ಕೆ ಇರುವುದು ಎರಡೇ ಅವಸ್ಥೆ. ಮೆಡಿಕಲ್ ಸರ್ಟಿಫಿಕೇಟಿನದು ಒಂದು, ಫಿಟ್‌ನೆಸ್ ಸರ್ಟಿಫಿಕೇಟಿನದು ಇನ್ನೊಂದು. ಮೊದಲನೆಯದನ್ನು ಕೊಟ್ಟು ರಜೆ ಹೋಗಬೇಕು, ಎರಡನೆಯದನ್ನು ಕೊಟ್ಟು ಕೆಲಸಕ್ಕೆ ಹಾಜರಾಗಬೇಕು. ಶಿರಾದ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ ನಾನು ಈ ಎರಡೂ ಕಾಗದಗಳನ್ನು ಒಬ್ಬರೇ ಡಾಕ್ಟರ ಹತ್ತಿರ ಒಂದೇ ಸಲಕ್ಕೆ ಬರೆಸಿಕೊಂಡು ಬರುವುದರಲ್ಲಿ ಪಳಗಿದವನು. ಕಾಯಿಲೆಗೆ ಇವತ್ತಿನ ತಾರೀಖು, ವಾಸಿಯಾದದ್ದಕ್ಕೆ ಹತ್ತು ದಿನ ಮುಂದಿನ ತಾರೀಖು. ನಡುವೆ ನನಗೆ ಕಾಮಾಲೆ ಬಂದು ಹೋಗಿರುತ್ತಿತ್ತು. ನಾದಿನಿಯ ಮದುವೆಗೂ ಕಾಮಾಲೆ, ಮನೆಗೆ ಸುಣ್ಣ ಹೊಡೆಸುವಾಗಲೂ ಕಾಮಾಲೆ. ನನ್ನ ಸೇವಾ ಪುಸ್ತಕವನ್ನು ಯಾರಾದರೂ ಶ್ರದ್ಧೆಯಿಂದ ಓದಿದರೆ, ಈ ಮನುಷ್ಯ ಇನ್ನೂ ಬದುಕಿರುವುದು ಹೇಗೆ ಎಂದು ಬೆರಗಾಗಬೇಕು.

ನಾನು ಬದುಕಿದ್ದೇನೆ. ಸತ್ತವರು ಮೇಷ್ಟ್ರು. ಅವರಿಗೆ ನಾನು ಜೀವಮಾನದಲ್ಲಿ ಒಂದೇ ಒಂದು ಸರ್ಟಿಫಿಕೇಟು ಬರೆಸಿಕೊಟ್ಟೆ. ಅದನ್ನು ಹೇಗೆ ಬರೆಸಿದೆ ಎಂಬುದನ್ನು ಅವರ ಹೆಂಡತಿಗೆ ಹೇಳಬೇಕಾದ ಕೆಲಸವೊಂದು ನನ್ನ ಮೇಲೆ ಉಳಿಯಿತು.

ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ನಮ್ಮ ಹಿಂದಿನ ಬೀದಿಯಲ್ಲೇ ಮನೆ. ಇಪ್ಪತ್ತು ವರ್ಷದಿಂದ ಬೆಳಗಿನ ವಾಕಿಂಗಿಗೆ ನಾವಿಬ್ಬರೂ ಜೊತೆ. ಅವರು ಮಸೀದಿಯಿಂದ ನಮಾಜು ಮುಗಿಸಿ ಬರುವ ಹೊತ್ತಿಗೆ ನಾನು ಗೇಟಿನಲ್ಲಿ ನಿಂತಿರಬೇಕು. ಎರಡು ನಿಮಿಷ ತಡವಾದರೆ ಬೀದಿಗೆಲ್ಲ ಕೇಳುವ ಹಾಗೆ, "ಸ್ವಾಮೀ, ಇವತ್ತೂ ಕಾಮಾಲೇನಾ?" ಎನ್ನುತ್ತಿದ್ದರು.

ಕೆರೆಗಳೆಲ್ಲ ಕೋಡಿ ಬಿದ್ದ ವರ್ಷದ ಮರುವರ್ಷ, ಒಂದು ಬೆಳಗ್ಗೆ ಫೋನು ತೆಗೆದು ನನ್ನ ಮೂಗಿಗೆ ಹಿಡಿದರು. ಕೊರಟಗೆರೆಯ ಆಚೆ, ಕೊಳಾಲದ ಕಡೆಯ ಕೆರೆಯೊಂದರಲ್ಲಿ ಸ್ಪ್ರಿಂಟ್ ಟ್ರಯಥ್ಲಾನ್ ಅಂತೆ. ಏಳುನೂರೈವತ್ತು ಮೀಟರ್ ಈಜು, ಇಪ್ಪತ್ತು ಕಿಲೋಮೀಟರ್ ಸೈಕಲ್, ಐದು ಕಿಲೋಮೀಟರ್ ಓಟ.

"ಮೂರೂ ಒಂದೇ ದಿನಾನಾ ಮೇಷ್ಟ್ರೇ?"

"ಒಂದೇ ಬೆಳಗ್ಗೆ ಸ್ವಾಮಿ. ಒಂದರ ಹಿಂದೆ ಒಂದು."

"ಮಧ್ಯೆ ತಿಂಡಿಗೆ ಬಿಡ್ತಾರಾ?"

"ಬಾಳೆಹಣ್ಣು ಕೊಡ್ತಾರಂತೆ."

"ಹಂಗಾದ್ರೆ ಯೋಚ್ನೆ ಮಾಡ್ಬೋದು."

ಯೋಚನೆ ಮಾಡುವುದಕ್ಕೆ ಅವರು ಬಿಡಲಿಲ್ಲ. ಐವತ್ತಮೂರನೆಯ ವಯಸ್ಸಿನಲ್ಲಿ ಆ ಮನುಷ್ಯನಿಗೆ ಹುಡುಗುತನ ಬಂದಿತ್ತು. ನನಗೆ ಈಜು ಬಾರದು ಎಂಬ ತಾಂತ್ರಿಕ ಆಕ್ಷೇಪಣೆಯನ್ನು ಎತ್ತಿದೆ. ಅದನ್ನೂ ತಳ್ಳಿಹಾಕಿ, ಗೌಡಗೆರೆಯ ಹತ್ತಿರ ಪರಿಚಯದವರ ಕಡಲೆಕಾಯಿ ಹೊಲದ ಬಾವಿಗೆ ಕರೆದುಕೊಂಡು ಹೋಗಿ, ಬೆನ್ನಿಗೆ ಖಾಲಿ ಕ್ಯಾನು ಕಟ್ಟಿ ನೂಕಿದರು. ಕಳೆ ಕೀಳಲು ಬಂದ ಹೆಂಗಸರು ಬಾವಿಯ ಸುತ್ತ ನಿಂತರು.

"ಅಯ್ಯೋ, ಆಪೀಸಿನೋರು ಬಾವಿಗೆ ಬಿದ್ದೋಗವ್ರೆ ಬರ್ರೇ!"

"ಬಿದ್ದಿಲ್ಲ ಕಣಮ್ಮ, ಈಜು ಕಲೀತಾವ್ರೆ," ಎಂದರು ಮೇಷ್ಟ್ರು.

"ಈ ವಯಸ್ನಾಗಾ? ಯಾವ ಸಮುದ್ರ ದಾಟ್ಬೇಕಂತೆ?"

ಎರಡು ತಿಂಗಳಲ್ಲಿ ಈಜು ಬಂತು. ಆದರೆ ಬಾವಿಯಲ್ಲಿ ಕಲಿತ ಈಜು ದುಂಡಗಿರುತ್ತದೆ ಎಂಬುದು ಕೆರೆಗೆ ಇಳಿಯುವವರೆಗೆ ನನಗೆ ತಿಳಿಯಲಿಲ್ಲ.

ಸೈಕಲ್ಲಿನಲ್ಲಿ ಬರಗೂರಿಗೆ ಹೋಗಿ ಬರುತ್ತಿದ್ದೆವು. ಒಂದು ಏರಿನಲ್ಲಿ ಮೇಷ್ಟ್ರು ಇಳಿದು, ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತರು. "ಗ್ಯಾಸು," ಎಂದರು. ನಮ್ಮ ಕಡೆ ಹೊಟ್ಟೆಯಿಂದ ಗಂಟಲವರೆಗೆ ಎಲ್ಲಿ ಏನಾದರೂ ಅದರ ಹೆಸರು ಗ್ಯಾಸು. ನಾನೂ ಗ್ಯಾಸು ಎಂದೆ. ಮುಂದಿನ ಅಂಗಡಿಯಲ್ಲಿ ನಿಂಬೆಹಣ್ಣಿನ ಸೋಡಾ ಕುಡಿಸಿದೆ. ತೇಗು ಬಂತು. ಇಬ್ಬರಿಗೂ ಸಮಾಧಾನವಾಯಿತು.

ಭಾಬಿ, ಎಂದರೆ ಮೇಷ್ಟ್ರ ಹೆಂಡತಿ, ಈ ಇಡೀ ವ್ಯವಹಾರವನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಗಂಡನ ಬಿಗಿ ಪ್ಯಾಂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಹಾಕ್ಕೊಂಡು ಓಡ್ತೀರಾ? ನಿಮ್ಮತ್ರ ಏಟು ತಿಂದ ಮಕ್ಕಳೆಲ್ಲ ದೊಡ್ಡೋರಾಗವ್ರೆ, ನೋಡ್ತಾರೆ," ಎಂದು ನಗಿಸಿದರು. ಆಮೇಲೆ ನನ್ನ ಕಡೆ ತಿರುಗಿದಾಗ ಮುಖದಲ್ಲಿ ನಗು ಇರಲಿಲ್ಲ.

"ಭಾಯ್, ಇವ್ರ ಅಬ್ಬಾ ಐವತ್ತೈದಕ್ಕೇ ಎದೆ ಹಿಡ್ಕೊಂಡು ಹೋದ್ರು. ಮೊದ್ಲು ಡಾಕ್ಟ್ರಿಗೆ ತೋರ್ಸಿ. ಡಾಕ್ಟ್ರು ಹೂಂ ಅಂದ್ರೆ ನಾನೂ ಹೂಂ. ಇವ್ರ ಮಾತು ನಾನು ನಂಬಲ್ಲ, ನಿಮ್ ಜವಾಬ್ದಾರಿ."

"ನನಗೆ ಬಿಡಿ ಭಾಬಿ," ಎಂದೆ.

ಓಟ ನಡೆಸುವವರೂ ಫಿಟ್‌ನೆಸ್ ಸರ್ಟಿಫಿಕೇಟು ಕೇಳಿದ್ದರು. ಒಂದೇ ಕಾಗದದಲ್ಲಿ ಎರಡು ಕೆಲಸ. ಸರ್ಕಾರಿ ರಜೆಯಿದ್ದ ಒಂದು ಶುಕ್ರವಾರ ಮಧ್ಯಾಹ್ನ ನಮೂನೆಗಳೆರಡನ್ನೂ ಹಿಡಿದು ನನ್ನ ಮಾಮೂಲಿ ಡಾಕ್ಟರ ಬಳಿಗೆ ಹೋದೆ. ಒಬ್ಬನೇ ಹೋದೆ. ನಮಾಜು ಮುಗಿಸಿ ಊಟ ಮಾಡಿದ ಮೇಷ್ಟ್ರನ್ನು ಎಬ್ಬಿಸುವುದು ಯಾಕೆ ಅನ್ನಿಸಿತು. ಇಂಥ ಕೆಲಸಕ್ಕೆ ರೋಗಿಯನ್ನು ಕರೆದೊಯ್ಯುವ ಪದ್ಧತಿಯೂ ನಮ್ಮಲ್ಲಿ ಇರಲಿಲ್ಲ.

ಡಾಕ್ಟರು ತಲೆ ಎತ್ತದೆ, "ಎಷ್ಟು ದಿನ?" ಎಂದರು.

"ರಜೆ ಅಲ್ಲ ಸಾರ್. ಓಟ."

"ಓಟಕ್ಕೂ ಬೇಕೇನ್ರೀ! ಕಾಮಾಲೆ ವಾಸಿ ಆಯ್ತಾ?" ನಕ್ಕರು. ನನ್ನದಕ್ಕೆ ರುಜು ಹಾಕಿ, ಇನ್ನೊಂದನ್ನು ನೋಡಿದರು. "ಈ ಮೇಷ್ಟ್ರು ಎಲ್ಲಿ?"

"ಮನೇಲವ್ರೆ ಸಾರ್."

"ಹೆಂಗವ್ರೆ?"

"ಗುಂಡುಕಲ್ಲು ಇದ್ದಂಗವ್ರೆ ಸಾರ್."

ಅವರು ರುಜು ಹಾಕಿದರು, ಮೊಹರು ಒತ್ತಿದರು. ಮೊಹರು ಡಾಕ್ಟರದು. ಅದರ ಮೇಲಿದ್ದ ವೈದ್ಯಕೀಯ ಅಭಿಪ್ರಾಯ ನನ್ನದು.

ನಾಲ್ಕು ಗಂಟೆಗೆ ಕಾಗದ ಕೊಡಲು ಹೋದಾಗ ಮೇಷ್ಟ್ರು ಕಣ್ಣುಜ್ಜಿಕೊಂಡು ಬಾಗಿಲಿಗೆ ಬಂದರು. ಓದಿ, ದನಿ ತಗ್ಗಿಸಿ, "ಎದೆ ನೋಡ್ದೆ ಕೊಟ್ರಾ?" ಎಂದರು. "ನಾನು ಸಾಕ್ಷಿ ಹೇಳ್ದೆ," ಎಂದೆ. ಬಾಯಿಗೆ ಟವೆಲ್ಲು ಮುಚ್ಚಿಕೊಂಡು ನಕ್ಕರು. ನಾನೂ ನಕ್ಕೆ. ಮಾರನೆಯ ದಿನ ವಾಕಿಂಗಿನಲ್ಲಿ ಮೇಷ್ಟ್ರು, "ಡಾಕ್ಟ್ರು ನೋಡಿದ್ರು ಅಂತ ಮನೇಲಿ ಹೇಳ್ಬಿಟ್ಟೆ, ಒಪ್ಪಿಗೆ ಸಿಕ್ತು," ಎಂದರು.

ಓಟದ ದಿನ ಸೈಕಲ್ಲುಗಳನ್ನು ಲಗೇಜ್ ಆಟೋಗೆ ಹಾಕಿಕೊಂಡು ನಾವು ಮಧುಗಿರಿ ದಾಟುವಾಗ ಬೆಟ್ಟದ ಮೇಲೆ ಇನ್ನೂ ಬೆಳಕು ಬಿದ್ದಿರಲಿಲ್ಲ. ಕೆರೆ ಏರಿಯ ಮೇಲೆ ಹುಡುಗ ಹುಡುಗಿಯರೇ ತುಂಬಿದ್ದರು. ಒಬ್ಬ ಹುಡುಗಿ ನಮ್ಮ ತೋಳಿನ ಮೇಲೆ ಕಪ್ಪು ಮಾರ್ಕರಿನಲ್ಲಿ ನಂಬರು ಬರೆದು, "ಅಂಕಲ್, ಎಮರ್ಜೆನ್ಸಿಗೆ ಯಾರ ಫೋನ್ ನಂಬರ್?" ಎಂದು ಕೇಳಿದಳು. ಮೇಷ್ಟ್ರು ನನ್ನದು ಹೇಳಿದರು, ನಾನು ಮೇಷ್ಟ್ರದು ಹೇಳಿದೆ. ಆಪತ್ತು ಬಂದಾಗ ಇಬ್ಬರೂ ನೀರಿನಲ್ಲಿರುತ್ತೇವೆ, ಇಬ್ಬರ ಫೋನೂ ಚೀಲದಲ್ಲಿರುತ್ತದೆ ಎಂಬುದು ಒಬ್ಬ ಗಣಿತದ ಮೇಷ್ಟ್ರಿಗೂ ಒಬ್ಬ ಗುಮಾಸ್ತನಿಗೂ ಹೊಳೆಯಲಿಲ್ಲ.

ನೀರಿಗಿಳಿದ ಮೇಲೆ ನನ್ನ ಈಜು ತನ್ನ ಸ್ವಭಾವವನ್ನು ತೋರಿಸಿತು. ಹತ್ತು ಮಾರು ಹೋಗುವುದರಲ್ಲಿ ಎಡಕ್ಕೆ ತಿರುಗುತ್ತಿದ್ದೆ. ತೆಪ್ಪದಲ್ಲಿದ್ದವನು ಬಾಯಿ ಬಡಿದುಕೊಂಡ. "ಅಣ್ಣೋ, ಅತ್ಲಾಗಲ್ಲ, ಇತ್ಲಾಗೆ! ಅದು ತೂಬು ಕಣಣ್ಣೋ!" ಕೊನೆಯವನಾಗಿ ದಡ ಹತ್ತಿದಾಗ ಸೈಕಲ್ಲುಗಳ ಜಾಗದಲ್ಲಿ ಎರಡೇ ಉಳಿದಿದ್ದವು. ಯಾವಾಗಲೋ ಈಜಿ ಮುಗಿಸಿದ್ದ ಮೇಷ್ಟ್ರು ತಮ್ಮ ಸೈಕಲ್ಲಿಗೆ ಒರಗಿಕೊಂಡು ನನಗಾಗಿ ಕಾಯುತ್ತಿದ್ದರು. "ಕೆರೆ ಅಳತೆ ಮಾಡಿದ್ರಾ ಸ್ವಾಮಿ?" ಎಂದರು.

ಇಪ್ಪತ್ತು ಕಿಲೋಮೀಟರು ಜೊತೆಯಲ್ಲೇ ತುಳಿದೆವು. ಓಟ ಶುರುವಾಗಿ ಎರಡು ಕಿಲೋಮೀಟರು ಆಗಿತ್ತೋ ಏನೋ, ಮೇಷ್ಟ್ರು ನಿಂತರು. ರಸ್ತೆ ಪಕ್ಕದ ಹುಣಸೆಮರದ ಕೆಳಗೆ ಕೂತರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಬೆವರನ್ನು ಲಕ್ಷಣ ಎನ್ನೋಣವೆಂದರೆ ನಾವು ಇಬ್ಬರೂ ಬೆವರಿದ್ದೆವು.

"ಗ್ಯಾಸು. ನೀವು ಹೋಗಿ."

"ಇಬ್ರೂ ಜೊತೇಲಿ ಮುಗಿಸೋಣ ಅಂದಿದ್ರಲ್ಲ."

"ಅರೆ ಹೋಗಿ ಸ್ವಾಮಿ. ಬರ್ತೀನಿ ಹಿಂದೇನೇ. ಇವತ್ತಾದ್ರೂ ಒಬ್ರನ್ನ ಹಿಂದೆ ಹಾಕಿ."

ನಾನು ಹೋದೆ. ಆ ದಿನ ನಾನು ಹಿಂದೆ ಹಾಕಿದ್ದು ಅವರೊಬ್ಬರನ್ನೇ.

ಗೆರೆ ದಾಟಿದೆ. ಕೊರಳಿಗೆ ಪದಕ ಹಾಕಿದರು, ಕೈಗೆ ಬಾಳೆಹಣ್ಣು ಕೊಟ್ಟರು. ಒಂದನ್ನು ತಿಂದು, ಇನ್ನೊಂದನ್ನು ಮೇಷ್ಟ್ರಿಗೆಂದು ಕೇಳಿ ಇಸಿದುಕೊಂಡೆ. ಆಂಬುಲೆನ್ಸು ನಮ್ಮೆದುರೇ ಹೋಯಿತು. ಯಾರೋ ಪಾಪ ಎಂದುಕೊಂಡೆ. ಚೀಲದಿಂದ ಫೋನು ತೆಗೆದಾಗ ಪರಿಚಯವಿಲ್ಲದ ನಂಬರಿನಿಂದ ಐದು ಕರೆ ಬಂದಿದ್ದವು.

ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು ಎಂದರು. ಅಲ್ಲಿದ್ದ ನರ್ಸಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೊದ್ಲು ಅದನ್ನ ತೆಗೀರಿ," ಎಂದಾಗಲೇ ಪದಕ ಕೊರಳಲ್ಲಿರುವುದು ಗೊತ್ತಾದದ್ದು. ಭಾಬಿಗೆ ಫೋನು ಮಾಡಿದವನೂ ನಾನೇ. ಏನು ಹೇಳಿದೆನೋ ನೆನಪಿಲ್ಲ.

ಸಂಜೆಯೊಳಗೆ ಶಿರಾದಲ್ಲಿ ಮಣ್ಣಾಯಿತು. ಸ್ನಾನ ಮಾಡಿಸುವಾಗ ತೋಳಿನ ನಂಬರು ಎಷ್ಟು ಉಜ್ಜಿದರೂ ಹೋಗಲಿಲ್ಲ ಎಂದು ಅವರ ತಮ್ಮ ಆಮೇಲೆ ಹೇಳಿದರು. ನನ್ನ ತೋಳಿನದು ನಾಲ್ಕು ದಿನ ಇತ್ತು. ನಾನು ಉಜ್ಜಲಿಲ್ಲ.

ಗಂಡ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಹತ್ತು ದಿನ ಅವರಲ್ಲಿ ಹೆಂಗಸರು ಮನೆ ಬಿಟ್ಟು ಹೊರಡುವುದಿಲ್ಲ, ಹೊರಗಿನ ಗಂಡಸರ ಎದುರಿಗೂ ಬರುವುದಿಲ್ಲ. ಹೇಳಲೇಬೇಕಾದ ಮಾತೊಂದನ್ನು ಇಟ್ಟುಕೊಂಡು ನಾನು ಅಷ್ಟು ದಿನ ಎಣಿಸಿದೆ. ಆ ಅವಧಿಯಲ್ಲಿ ಡಾಕ್ಟರ ಬಳಿಗೆ ಒಮ್ಮೆ ಹೋದೆ. ಅವರು ನನ್ನನ್ನು ಕೂರಿಸಿಕೊಂಡರು. "ಈಗ ಯಾರಿಗೂ ಮುಟ್ಟಿ ನೋಡ್ದೆ ಬರ್ಕೊಡಲ್ಲ ಕಣ್ರೀ," ಎಂದರು. ಅವರ ಮೇಲೆ ಕೋಪ ಬರಲೆಂದೇ ಹೋಗಿದ್ದೆ, ಬರಲಿಲ್ಲ. ಮನೆಯಲ್ಲಿ ಕೂತು, ಭಾಬಿಗೆ ಹೇಳಬೇಕಾದ ಮಾತನ್ನು ಕಚೇರಿಯ ಕಾಗದದ ಹಾಗೆ ಕರಡು ಮಾಡಿದೆ. ಹರಿದೆ. ಮತ್ತೆ ಮಾಡಿದೆ. ಪ್ರತಿ ಕರಡಿನಲ್ಲೂ "ಸರ್ಟಿಫಿಕೇಟು ಪಡೆಯಲಾಯಿತು" ಎಂದೇ ಬರುತ್ತಿತ್ತು. ಪಡೆದವನು ಯಾರು ಎಂಬುದು ಮಾತ್ರ ಬರುತ್ತಿರಲಿಲ್ಲ.

ಅವಧಿ ಮುಗಿದ ವಾರ ಹೋದೆ. ಬೀದಿ ಬಾಗಿಲು ತೆರೆದೇ ಇತ್ತು. ಭಾಬಿ ಚಹಾ ತಂದಿಟ್ಟು, ಎದುರಿನ ಮಂಚದ ತುದಿಯಲ್ಲಿ ಕೂತರು. ತುಂಬಾ ಇಳಿದುಹೋಗಿದ್ದರು. ನಾನು ಕೇಳದೆ ಅವರೇ ಮಾತು ತೆಗೆದರು.

"ಡಾಕ್ಟ್ರಿಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ನಮಗೇನ್ ಗೊತ್ತಾಗುತ್ತೆ ಭಾಯ್. ಬಂದವ್ರೆಲ್ಲ ಅದನ್ನೇ ಹೇಳ್ತಾರೆ."

ಅಲ್ಲಿ ಸುಮ್ಮನಿದ್ದು ಎದ್ದು ಬರಬಹುದಾಗಿತ್ತು. ಆದರೆ ನಾನು ಪ್ರಾಮಾಣಿಕನಾಗುವುದಕ್ಕೆ ತಯಾರಿ ಮಾಡಿಕೊಂಡು ಹೋಗಿದ್ದೆ. ಹೇಳಿಬಿಟ್ಟೆ. ಒಬ್ಬನೇ ಹೋದದ್ದು, ಗುಂಡುಕಲ್ಲು ಎಂದದ್ದು, ಬಾಗಿಲಲ್ಲಿ ನಿಂತು ಇಬ್ಬರೂ ನಕ್ಕದ್ದು, ಎಲ್ಲ.

ಅವರು ಬೈಯುತ್ತಾರೆ, ಅಳುತ್ತಾರೆ, ಹೊರಗೆ ಹೋಗಿ ಎನ್ನುತ್ತಾರೆ ಎಂದು ಕಾದೆ. ಅವರು ಮಂಚದ ಮೇಲಿನ ಹೊದಿಕೆಯನ್ನು ಅಂಗೈಯಲ್ಲಿ ನೀವುತ್ತಾ ಇದ್ದರು.

"ಅವತ್ತು ಮಧ್ಯಾಹ್ನ ಪೂರ್ತಿ ಇಲ್ಲೇ, ಈ ಮಂಚದ ಮೇಲೆ ಮಲಗಿದ್ರು," ಎಂದರು. "ನೀವು ಬಂದ್ ಕೂಗೋವರ್ಗೂ ಎದ್ದಿರ್ಲಿಲ್ಲ. ಆಮೇಲೆ ಡಾಕ್ಟ್ರು ನೋಡಿದ್ರು ಅಂದ್ರು. ಯಾವಾಗ ನೋಡಿದ್ರು ಅಂತ ನಾನು ಕೇಳ್ಲಿಲ್ಲ ಭಾಯ್. ಕೇಳಿದ್ರೆ ಹೋಗೋದು ನಿಂತೋಗ್ತಿತ್ತು. ಮದ್ವೆ ಆದಾಗಿಂದ ಅಷ್ಟು ಖುಷಿಯಾಗಿದ್ದಿದ್ದು ನೋಡಿರ್ಲಿಲ್ಲ."

ನಾನು ಚಹಾದ ಲೋಟವನ್ನು ಕೆಳಗಿಟ್ಟೆ.

"ಹಿಂದಿನ ದಿನವೇನಾದ್ರೂ ಸ್ಕೂಲಿಂದ ಬರ್ತಾ ತೋರಿಸ್ಕೊಂಡ್ ಬಂದಿದ್ರೇನೋ, ಕಾಗದ ಮಾತ್ರ ಶುಕ್ರವಾರ ಸಿಕ್ತೇನೋ, ಅಂದ್ಕೋತಿದ್ದೆ. ದಿನಾ ಅಂದ್ಕೋತಿದ್ದೆ. ಇವತ್ತು ಬೆಳಗ್ಗೇನೂ ಅಂದ್ಕೊಂಡೆ."

ಅಷ್ಟೇ ಹೇಳಿದರು. ದನಿ ಏರಲಿಲ್ಲ. ನಾಲ್ಕು ತಿಂಗಳು ಹತ್ತು ದಿನ ಅವರನ್ನು ಹಿಡಿದು ನಿಲ್ಲಿಸಿದ್ದ ಆ ಒಂದು 'ಏನೋ' ಇತ್ತಲ್ಲ, ನನ್ನ ಎದೆ ಹಗುರ ಮಾಡಿಕೊಳ್ಳಲು ಹೋಗಿ ಅದನ್ನು ನಾನು ಕಿತ್ತುಕೊಂಡಿದ್ದೆ. ಕ್ಷಮೆ ಕೇಳಬೇಕೆಂದುಕೊಂಡೆ. ಯಾವುದಕ್ಕೆ ಕೇಳುವುದು ಎಂದು ಗೊತ್ತಾಗಲಿಲ್ಲ, ಆ ಶುಕ್ರವಾರಕ್ಕೋ ಈ ದಿನಕ್ಕೋ.

"ಮಗಳಿಗೆ ಹೇಳ್ಬೇಡಿ," ಎಂದರು ಭಾಬಿ. "ಅವಳ ಲೆಕ್ಕದಲ್ಲಿ ಇನ್ನೂ ಡಾಕ್ಟ್ರು ನೋಡವ್ರೆ."

ಅವರ ಮಗಳಿಗೆ ಮಧುಗಿರಿಯ ಬ್ಯಾಂಕೊಂದರಲ್ಲಿ ಕೆಲಸ. ನಾನು ಏಳುವಷ್ಟರಲ್ಲಿ ಬಸ್ಸಿಳಿದು ಬಂದಳು. ಊಟದ ಚೀಲ ಕೆಳಗಿಟ್ಟು, "ಕೂತ್ಕೊಳ್ಳಿ ಅಂಕಲ್," ಎಂದು ತಾನು ನಿಂತೇ ಇದ್ದಳು. ಬಹಳ ದಿನದಿಂದ ಕೇಳಬೇಕೆಂದು ಇಟ್ಟುಕೊಂಡಿದ್ದಳು ಎಂದು ಕಾಣುತ್ತದೆ, ನೇರವಾಗಿ ಕೇಳಿದಳು.

"ಅಂಕಲ್, ಆ ಸರ್ಟಿಫಿಕೇಟ್ ಕೊಟ್ಟಾಗ ಡಾಕ್ಟ್ರು ಸರಿಯಾಗಿ ನೋಡಿದ್ರಾ? ಬಿ.ಪಿ. ಗಿ.ಪಿ. ಎಲ್ಲ?"

ಭಾಬಿ ಹೊದಿಕೆ ನೀವುವುದನ್ನು ನಿಲ್ಲಿಸಿದರು.

"ನೋಡಿದ್ರಮ್ಮ," ಎಂದೆ.

"ನೀವೂ ಅಲ್ಲೇ ಇದ್ರಾ?"

"ಪಕ್ಕದಲ್ಲೇ ಇದ್ದೆ."

"ಹಂಗಾದ್ರೆ ಸರಿ ಬಿಡಿ," ಎಂದು ಅವಳು ಮುಖ ತೊಳೆಯಲು ಹಿತ್ತಲಿಗೆ ಹೋದಳು.